ಅವರವರ ಓದು, ಅವರವರ ಸುಖ

ಪುಸ್ತಕಗಳನ್ನು ಏಕೆ ಓದಬೇಕು ಎಂಬ ಪ್ರಶ್ನೆಗೆ ಉತ್ತರ ಬರೆಯುವುದು ಸುಲಭ. ಶಾಲೆಯಲ್ಲಿ ನಾವೆಲ್ಲರೂ ಬರೆದವರೇ. ಜ್ಞಾನ ಹೆಚ್ಚುತ್ತದೆ, ಶೀಲ ಬೆಳೆಯುತ್ತದೆ, ವಿರಾಮದ ವೇಳೆ ಸದ್ವಿನಿಯೋಗವಾಗುತ್ತದೆ. ಇಷ್ಟು ಬರೆದರೆ ಹತ್ತಕ್ಕೆ ಆರು ಅಂಕ ಖಂಡಿತ. ಆದರೆ ಜನರು ಪುಸ್ತಕಗಳನ್ನು ಏಕೆ ಓದುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಸಂಜೆ ಆರೂವರೆಗೆ ಕಚೇರಿಯಿಂದ ನೆಟ್ಟಗೆ ವಾಚನಾಲಯಕ್ಕೆ ಬಂದು, ಕೈಚೀಲವನ್ನು ಕುರ್ಚಿಯ ಕೆಳಗಿಟ್ಟು, ಕಪಾಟಿನ ಮುಂದೆ ಕಾಲು ಗಂಟೆ ನಿಂತು ಒಂದು ಪುಸ್ತಕವನ್ನು ಆರಿಸಿಕೊಳ್ಳುವ ಮನುಷ್ಯನು ಶೀಲವನ್ನು ಬೆಳೆಸಿಕೊಳ್ಳಬೇಕೆಂದು ಬಂದವನಲ್ಲ. ಅವನಿಗೆ ಅವನದೇ ಆದ ಒಂದು ಕಾರಣವಿರುತ್ತದೆ. ಅದನ್ನು ಕೇಳಿದರೆ ಹೆಚ್ಚಿನವರು ಹೇಳುವುದಿಲ್ಲ. ಕೆಲವರಿಗೆ ಸಂಕೋಚ, ಕೆಲವರಿಗೆ ಅದು ಹೇಳುವಂಥ ಕಾರಣವೆಂದು ತೋರಿಯೇ ಇರುವುದಿಲ್ಲ. ಜೀವಮಾನವೆಲ್ಲ ಹೋಟೆಲಿನ ಗಲ್ಲಾದ ಹಿಂದೆ ಕಳೆದು ಈಗ ವಿಶ್ರಾಂತರಾಗಿರುವ ಒಬ್ಬ ವಾಚಕರನ್ನು ಕೇಳಿದಾಗ ಬಂದ ಉತ್ತರ: "ಎಂಥದು ಮಾರಾಯ್ರೆ, ಓದಲಿಕ್ಕೂ ಕಾರಣ ಬೇಕಾ?"

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ನಿಮಿತ್ತವುಂಟು. ನಮ್ಮಂಥ ಉಚಿತ ವಾಚನಾಲಯಗಳ ವಾರ್ಷಿಕ ಸಭೆಯಲ್ಲಿ ಪುಸ್ತಕ ಖರೀದಿಯ ಮಾತು ಬಂದಾಗಲೆಲ್ಲ ಹಿರಿಯರೊಬ್ಬರು ಎದ್ದು ನಿಂತು, ಇರುವ ಅಲ್ಪ ಹಣವನ್ನು ಕಾಲಹರಣದ ಕಾದಂಬರಿಗಳಿಗೆ ಸುರಿಯಬಾರದು, ಉತ್ತಮ ಗ್ರಂಥಗಳನ್ನೇ ಕೊಳ್ಳತಕ್ಕದ್ದು ಎಂದು ಸೂಚನೆ ಮಂಡಿಸುತ್ತಾರೆ. ಇನ್ನೊಬ್ಬರು ಅನುಮೋದಿಸುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಚಹಾ ಆದ ಮೇಲೆ, ಚಪ್ಪಾಳೆ ತಟ್ಟಿದವರಲ್ಲಿಯೇ ಒಬ್ಬಿಬ್ಬರು ಮೆಲ್ಲಗೆ ಬಳಿಗೆ ಬಂದು "ಆ ಪತ್ತೇದಾರಿ ವಾಪಸು ಬಂತೇ?" ಎಂದು ವಿಚಾರಿಸುತ್ತಾರೆ. ಅವರು ಕಪಟಿಗಳೆಂದು ನಾವು ಹೇಳುವುದಿಲ್ಲ. ಚಪ್ಪಾಳೆಯೂ ಪ್ರಾಮಾಣಿಕವೇ, ವಿಚಾರಣೆಯೂ ಪ್ರಾಮಾಣಿಕವೇ. ಮೊದಲನೆಯದು ಓದಬೇಕೆಂಬುದಕ್ಕೆ ಸಂದದ್ದು, ಎರಡನೆಯದು ಓದುವುದಕ್ಕೆ. ಕನ್ನಡ ನಾಡಿನಲ್ಲಿದ್ದರೆ ಇವೆರಡರ ಅಂತರ ಹರಟೆಯ ವಿಷಯವಾಗಿ ಉಳಿಯಬಹುದಿತ್ತು. ಇಲ್ಲಿ ಹಾಗಲ್ಲ. ಊರಿನಿಂದ ದೂರವಿರುವ ವಾಚನಾಲಯದಲ್ಲಿ ಓದುವವರು ಕಡಿಮೆಯಾದರೆ ಕಪಾಟಿಗೆ ಬೀಗ ಬೀಳುತ್ತದೆ. ಬಿದ್ದ ಬೀಗವನ್ನು ತೆಗೆಯಲು ಯಾರೂ ಬರುವುದಿಲ್ಲ. ಆದುದರಿಂದ ಓದುವವರ ನಿಜವಾದ ಕಾರಣಗಳನ್ನು ಸ್ವಲ್ಪ ಸಮಾಧಾನದಿಂದ ನೋಡುವುದು ಒಳಿತು.

ಓದಿನ ಸುಖ ಕನ್ನಡಿಗರಿಗೆ ಹೊಸತಲ್ಲ. ಹೊಸತಾದದ್ದು ಒಬ್ಬರೇ ಕುಳಿತು ಮನಸ್ಸಿನೊಳಗೆ ಓದಿಕೊಳ್ಳುವ ಸುಖ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ನಮ್ಮ ಹಿಂದಿನವರು ಹೆಚ್ಚಾಗಿ ಕಿವಿಯಿಂದ ಓದಿದವರು. ಒಬ್ಬರು ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಹೇಳುವುದು. ಜಗಲಿಯಲ್ಲಿ, ಗುಡಿಯ ಮಂಟಪದಲ್ಲಿ ಊರು ಕುಳಿತು ಕೇಳುವುದು. ಅಕ್ಷರ ಬಾರದವರಿಗೂ ಅಲ್ಲಿ ಅಡ್ಡಿಯಿರಲಿಲ್ಲ. ಎಲ್ಲರಿಗೂ ಕಥೆ ಗೊತ್ತಿದ್ದುದೇ. ಕರ್ಣ ಸಾಯುತ್ತಾನೆಂಬುದು ಗೊತ್ತಿದ್ದೂ ಕರ್ಣಾವಸಾನದ ದಿನ ಜನ ಹೆಚ್ಚಾಗಿ ಬರುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾದಂಬರಿ ಬಂದಿತು. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ೧೮೮೫ರಲ್ಲಿ ಕನ್ನಡಕ್ಕೆ ತಂದರು. ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಅಚ್ಚಾಯಿತು. ಹಾವೇರಿಯ ಕಡೆಯ ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ಪುಸ್ತಕದ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಈ ಪುಸ್ತಕಗಳನ್ನು ಸಭೆ ಸೇರಿಸಿ ಓದಿಸುವ ಅಗತ್ಯವಿರಲಿಲ್ಲ. ಕೊಂಡವರು ಒಂದು ಮೂಲೆಗೆ ಹೋಗಿ ಓದಿಕೊಳ್ಳಬಹುದಾಗಿತ್ತು. ಮಂಟಪದಲ್ಲಿ ಅತ್ತರೆ ಹತ್ತು ಜನ ನೋಡುತ್ತಿದ್ದರು. ಮೂಲೆಯಲ್ಲಿ ಅತ್ತರೆ ಯಾರಿಗೂ ತಿಳಿಯದು. ಓದುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಗುಟ್ಟಿನ ಕಾರಣ ಹುಟ್ಟಿಕೊಂಡದ್ದು ಆ ಮೂಲೆಯಲ್ಲಿ ಎಂದು ನಮ್ಮ ಊಹೆ.

ಈ ಮೂಲೆಯ ಬೆಲೆ ಮುಂಬಯಿಯಲ್ಲಿರುವವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲಾರದು. ಒಂದೇ ಕೋಣೆಯ ಚಾಳಿನಲ್ಲಿ ಸಂಸಾರ ಮಾಡಿದವರನ್ನು ಕೇಳಿರಿ. ಅಡಿಗೆ, ಊಟ, ಮಕ್ಕಳ ಪಾಠ, ಊರಿನಿಂದ ಬಂದ ನೆಂಟರ ಹಾಸಿಗೆ ಎಲ್ಲವೂ ಆ ಒಂದು ಕೋಣೆಯಲ್ಲಿ. ಒಂದು ಗಳಿಗೆ ಬಾಗಿಲು ಹಾಕಿಕೊಂಡು ತಾನೇ ತಾನಾಗಿ ಕೂಡೋಣವೆಂದರೆ ಹಾಕಿಕೊಳ್ಳಲು ಬೇರೆ ಬಾಗಿಲೇ ಇಲ್ಲ. ಅಂಥ ಮನೆಯಲ್ಲಿ ಪುಸ್ತಕವನ್ನು ಮುಖದ ಮುಂದೆ ಹಿಡಿದರೆ ಬಾಗಿಲು ಹಾಕಿಕೊಂಡಂತೆಯೇ. ಮನೆಯವರೂ ಅದನ್ನು ಮಾತಿಲ್ಲದೆ ಒಪ್ಪಿಕೊಂಡಿರುತ್ತಾರೆ: ಸುಮ್ಮನೆ ಕೂತವನಿಗೆ ಕೆಲಸ ಹೇಳಬಹುದು, ಓದುತ್ತ ಕೂತವನನ್ನು ಎಬ್ಬಿಸಲು ಸ್ವಲ್ಪ ಹಿಂಜರಿಕೆ. ಲೋಕಲ್ ಗಾಡಿಯಲ್ಲಿಯೂ ಹೀಗೆಯೇ. ಮೂವರು ಕೂಡುವ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತು, ಅಂಧೇರಿಯಿಂದ ಚರ್ಚ್‌ಗೇಟಿನವರೆಗೆ ಒಂದು ಅಧ್ಯಾಯ ಮುಗಿಸುವವರಿದ್ದರು, ಈಗಲೂ ಇದ್ದಾರೆ. ಸುತ್ತ ನೂರು ಮೈಗಳ ಬೆವರು. ಓದುವವನು ಮಾತ್ರ ಆಗುಂಬೆಯ ಮಳೆಯಲ್ಲಿ. ಈಗ ಅನೇಕರ ಕೈಯಲ್ಲಿ ಪುಸ್ತಕದ ಬದಲು ಮೊಬೈಲು ಇದೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ, ಕೆಲವರು ಅದರಲ್ಲಿಯೇ ಒಳ್ಳೊಳ್ಳೆಯ ಪುಸ್ತಕಗಳನ್ನು ಓದುತ್ತಾರೆ. ಆದರೆ ಅದರೊಳಗಿನಿಂದ ಯಾರು ಬೇಕಾದರೂ ಯಾವಾಗ ಬೇಕಾದರೂ ಕೂಗಿ ಕರೆಯಬಹುದು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿದಂತಾಗುವುದಿಲ್ಲ.

ಓದುತ್ತ ಕೂತವರನ್ನು ಎಬ್ಬಿಸುವುದಿಲ್ಲವೆಂಬ ರಿಯಾಯಿತಿ ಬಹುಕಾಲ ಗಂಡಸರಿಗೆ ಮಾತ್ರ ಇತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹೆಂಗಸರ ಕೈಯಲ್ಲಿ ಕಾದಂಬರಿ ಕಂಡರೆ ಒಲೆಯ ಮೇಲಿನ ಹಾಲು ನೆನಪಾಗುವುದು ನಮ್ಮ ಮನೆಗಳ ಸಂಪ್ರದಾಯ. ಅವರು ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು, ಮಧ್ಯಾಹ್ನದ ಎರಡು ಗಂಟೆಯಿಂದ ನಲ್ಲಿಯಲ್ಲಿ ನೀರು ಬರುವವರೆಗಿನ ಸಮಯವನ್ನು ಕದ್ದು ಓದಿದವರು. ಆ ಓದಿಗೆ ತಕ್ಕ ಲೇಖಕಿಯೂ ಕನ್ನಡದಲ್ಲಿ ಹುಟ್ಟಿದರು. ತ್ರಿವೇಣಿಯವರು ಬದುಕಿದ್ದು ೧೯೨೮ರಿಂದ ೧೯೬೩ರವರೆಗೆ, ಮೂವತ್ತೈದು ವರ್ಷ ಮಾತ್ರ. ಅಷ್ಟರಲ್ಲಿ ಅವರು ‘ಬೆಕ್ಕಿನ ಕಣ್ಣು’, ‘ಶರಪಂಜರ’ ಮೊದಲಾದ ಕಾದಂಬರಿಗಳಲ್ಲಿ ಮನೆಯ ಹೆಣ್ಣಿನ ಮನಸ್ಸು ಹೇಗೆ ನಲುಗುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಅಂಜದೆ ಬರೆದರು. ಬಾಣಂತನದ ಬಳಿಕ ಬುದ್ಧಿ ಕದಡಿ, ಚಿಕಿತ್ಸೆ ಪಡೆದು ಗುಣವಾಗಿ ಬಂದರೂ ಮನೆಯವರ ಕಣ್ಣಿನಲ್ಲಿ ಹುಚ್ಚಿಯಾಗಿಯೇ ಉಳಿಯುವ ಕಾವೇರಿಯ ಕಥೆ ೧೯೭೧ರಲ್ಲಿ ಚಲನಚಿತ್ರವೂ ಆಯಿತು. ಇಂಥ ಪುಸ್ತಕವನ್ನು ಓದುವವರು ಕಾಲಹರಣ ಮಾಡುತ್ತಿದ್ದಾರೆಂದು ತಿಳಿಯುವುದು ತಪ್ಪು. ತಮಗೊಬ್ಬರಿಗೇ ಆದದ್ದೆಂದು ಬಚ್ಚಿಟ್ಟುಕೊಂಡಿದ್ದ ನೋವು ಅಚ್ಚಿನಲ್ಲಿ ಕಂಡಾಗ, ಹಾಗಾದರೆ ಇದು ನನ್ನೊಬ್ಬಳದಲ್ಲ ಎಂಬ ಸಮಾಧಾನ ಬರುತ್ತದೆ. ಅದನ್ನು ಯಾರೊಡನೆಯೂ ಹೇಳಿಕೊಳ್ಳಬೇಕಾಗಿಲ್ಲ. ಪುಸ್ತಕವನ್ನು ಹಿಂದಿರುಗಿಸುವಾಗ "ಚೆನ್ನಾಗಿತ್ತು" ಎಂದರೆ ಸಾಕು. ನಮ್ಮಲ್ಲಿಯ ತ್ರಿವೇಣಿಯವರ ಪುಸ್ತಕಗಳಿಗೆ ರಟ್ಟು ಎಷ್ಟು ಸಲ ಕಟ್ಟಿಸಿದ್ದೇವೆಂಬುದನ್ನು ನೋಡಿದರೆ ಆ ಒಂದು ಮಾತಿನ ಹಿಂದೆ ಏನೇನಿತ್ತೆಂಬುದನ್ನು ಊಹಿಸಬಹುದು.

ಪರಸ್ಥಳದ ಕನ್ನಡಿಗರಿಗೆ ಇನ್ನೊಂದು ಕಾರಣವಿದೆ. ಅದು ಭಾಷೆಯ ದನಿ. ಕನ್ನಡವೆಂದರೆ ಒಂದೇ ಕನ್ನಡವಲ್ಲ. ಕೋಟ ಕುಂದಾಪುರದ ಕಡೆಯವರು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ತೆಗೆದುಕೊಳ್ಳುವುದು ಅದು ಕನ್ನಡದ ಶ್ರೇಷ್ಠ ಕಾದಂಬರಿಗಳಲ್ಲೊಂದು ಎಂದಲ್ಲ, ಅದರಲ್ಲಿ ಅವರ ಮನೆಯ ಹಿಂದಿನ ಕಡಲು ಮೊರೆಯುತ್ತದೆ. ವಿಜಾಪುರದ ಕಡೆಯವರಿಗೆ ರಾವಬಹಾದ್ದೂರರ ‘ಗ್ರಾಮಾಯಣ’, ಮಲೆನಾಡಿನವರಿಗೆ ಕುವೆಂಪು, ಉತ್ತರ ಕನ್ನಡದವರಿಗೆ ಯಶವಂತ ಚಿತ್ತಾಲರ ಹನೇಹಳ್ಳಿಯ ಕಥೆಗಳು. ದಿನವೆಲ್ಲ ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ನೆರೆಮನೆಯಲ್ಲಿ ಮರಾಠಿ; ಹೈದರಾಬಾದಿನಲ್ಲಾದರೆ ತೆಲುಗು, ಚೆನ್ನೈಯಲ್ಲಾದರೆ ತಮಿಳು. ನಾಲಿಗೆ ಎಲ್ಲಕ್ಕೂ ಒಗ್ಗಿರುತ್ತದೆ. ಆದರೆ ಅಜ್ಜಿ ಬೈಯುತ್ತಿದ್ದ ಒಂದು ಬೈಗುಳ ಪುಸ್ತಕದ ಪುಟದಲ್ಲಿ ಇದ್ದಕ್ಕಿದ್ದಂತೆ ಎದುರಾದರೆ ಓದುವವನು ಅಲ್ಲಿಯೇ ನಿಂತುಬಿಡುತ್ತಾನೆ. ನಮ್ಮ ಕೆಲವು ಪುಸ್ತಕಗಳಲ್ಲಿ ಅಂಥ ಮಾತುಗಳ ಕೆಳಗೆ ಪೆನ್ಸಿಲಿನ ಗೆರೆಗಳಿವೆ. ಗೆರೆ ಎಳೆಯಬಾರದೆಂಬ ನಿಯಮವನ್ನು ಗೋಡೆಗೆ ಅಂಟಿಸಿದ್ದೇವೆ. ಆದರೂ ಆ ಗೆರೆಗಳನ್ನು ಅಳಿಸಲು ಮನಸ್ಸು ಬಂದಿಲ್ಲ.

ಊರಿನ ನೆನಪು ಎಂದರೆ ಸಿಹಿಯೇ ಆಗಬೇಕೆಂದಿಲ್ಲ. ಕಾರಂತರ ‘ಬೆಟ್ಟದ ಜೀವ’ ೧೯೪೩ರಲ್ಲಿ ಬಂದ ಪುಸ್ತಕ. ಕುಮಾರಪರ್ವತದ ಬುಡದ ಕಾಡಿನಲ್ಲಿ ತೋಟ ಮಾಡಿಕೊಂಡಿರುವ ಗೋಪಾಲಯ್ಯ ದಂಪತಿಗಳು ಮನೆ ಬಿಟ್ಟು ಹೋದ ಮಗನ ದಾರಿ ನೋಡುತ್ತಿರುತ್ತಾರೆ. ಊರಿನಲ್ಲಿದ್ದು ಓದುವವನು ಇದನ್ನು ಆ ಮುದುಕನ ಪಕ್ಕದಲ್ಲಿ ಕೂತು ಓದುತ್ತಾನೆ. ನಾವು ಇಲ್ಲಿ ಓದುವಾಗ, ಕಥೆಯೊಳಗೆ ಇಲ್ಲದ ಆ ಮಗನ ಜಾಗದಲ್ಲಿ ಕೂತಿರುತ್ತೇವೆ. ಒಂದೇ ಪುಸ್ತಕ, ಒಂದೇ ಪುಟ, ಒಂದೇ ವಾಕ್ಯ; ಆದರೆ ಎರಡು ಬೇರೆ ಓದು. ವಿಮರ್ಶಕರು ಈ ಕಾದಂಬರಿಯ ಬಗ್ಗೆ ಬಹಳ ಬರೆದಿದ್ದಾರೆ. ಮುಂಬಯಿಯಲ್ಲಿ ಮೂವತ್ತು ವರ್ಷದಿಂದ ಇದ್ದು, ಈ ವರ್ಷವೂ ಊರಿಗೆ ಹೋಗಲಾಗಲಿಲ್ಲ ಎನ್ನುವವನು ಅದನ್ನು ಎರಡನೆಯ ಸಲ ಏಕೆ ತೆಗೆದುಕೊಂಡು ಹೋದನೆಂಬುದನ್ನು ಯಾರೂ ಬರೆದಿಲ್ಲ. ಅವನೂ ಹೇಳುವುದಿಲ್ಲ.

ಇದಕ್ಕೆ ವಿರುದ್ಧವಾದ ಸುಖವೂ ಉಂಟು. ಇಲ್ಲಿಯೇ ಹುಟ್ಟಿ ಬೆಳೆದವರಿಗೆ ಊರೆಂದರೆ ಬೇಸಗೆಯ ರಜೆ ಮಾತ್ರ. ಅವರಿಗೆ ಮಲೆನಾಡೂ ಬಯಲುಸೀಮೆಯೂ ಒಂದೇ ದೂರ. ಅವರಲ್ಲೊಬ್ಬರು ಚಿತ್ತಾಲರ ‘ಶಿಕಾರಿ’ಯನ್ನು ಹಿಡಿದರೆ, ಕಂಪನಿಯ ಅಧಿಕಾರಿ ನಾಗಪ್ಪನ ಸುತ್ತ ಹೆಣೆದುಕೊಳ್ಳುವ ಸಂಚು, ಅವನ ಭಯ, ಅವನು ಅಲೆಯುವ ಮುಂಬಯಿ ಕನ್ನಡದಲ್ಲಿಯೇ ಎದ್ದು ನಿಲ್ಲುತ್ತದೆ. ೧೯೭೯ರ ಈ ಕಾದಂಬರಿಯನ್ನು ಬರೆದವರು ಬಹುಕಾಲ ಮುಂಬಯಿಯಲ್ಲಿಯೇ ಕೆಲಸ ಮಾಡಿ ಬಾಂದ್ರಾದಲ್ಲಿ ಮನೆ ಮಾಡಿಕೊಂಡಿದ್ದವರು. ವ್ಯಾಸರಾಯ ಬಲ್ಲಾಳರೂ ಜಯಂತ ಕಾಯ್ಕಿಣಿಯವರೂ ಹೀಗೆಯೇ ಈ ನಗರವನ್ನು ಕನ್ನಡದಲ್ಲಿ ಕಂಡವರು. ತಾನು ದಿನವೂ ಕಾಣುವ ಪ್ಲಾಟ್‌ಫಾರ್ಮು, ಮಳೆಗೆ ನಿಂತುಹೋಗುವ ಗಾಡಿ ಕನ್ನಡದ ವಾಕ್ಯದೊಳಗೆ ಬರಬಹುದೆಂಬುದೇ ಇಲ್ಲಿ ಹುಟ್ಟಿದವನಿಗೆ ಒಂದು ಆಶ್ಚರ್ಯ. ಅಲ್ಲಿಯವರೆಗೆ ಕನ್ನಡವೆಂದರೆ ಅಪ್ಪ ಅಮ್ಮನ ಊರಿನದು ಎಂದು ಅವನು ತಿಳಿದಿರುತ್ತಾನೆ.

ಇನ್ನು ಪತ್ತೇದಾರಿಗೆ ಬರೋಣ. ಅದಕ್ಕೆ ನಾವು ನಮ್ಮ ಪಾಲಿನ ವಕಾಲತ್ತು ಮಾಡಲೇಬೇಕಾಗಿದೆ. ಎನ್. ನರಸಿಂಹಯ್ಯನವರು ಹೆಚ್ಚಿನ ಶಾಲಾಭ್ಯಾಸವಿಲ್ಲದೆಯೂ ನೂರಾರು ಕಾದಂಬರಿಗಳನ್ನು ಬರೆದವರು. ಅವರ ಪತ್ತೇದಾರ ಪುರುಷೋತ್ತಮನನ್ನು ಹಿಂಬಾಲಿಸಿಕೊಂಡು ಎಷ್ಟೋ ಜನ ಕನ್ನಡ ಓದುವುದನ್ನು ರೂಢಿಸಿಕೊಂಡರು. ದಕ್ಷಿಣ ಕನ್ನಡದಿಂದ ಚಿಕ್ಕ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಹುಡುಗರ ತಲೆಮಾರೊಂದು ಇತ್ತು. ತೂಕಡಿಸುವ ಕಣ್ಣನ್ನು ತೆರೆದಿಡುವ ಶಕ್ತಿ ವ್ಯಾಕರಣಕ್ಕಿಲ್ಲ. ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆಗೆ ಇದೆ. ಮುಂದೇನಾಯಿತು ಎಂಬ ಕುತೂಹಲ ಕೀಳಾದದ್ದೆಂದು ಯಾರಾದರೂ ಹೇಳಿದರೆ, ಭಾರತವನ್ನು ಕೇಳಲು ಕೂತ ಜನಮೇಜಯನಿಗೆ ಇದ್ದದ್ದೂ ಅದೇ ಕುತೂಹಲ ಎಂದು ನಾವು ಉತ್ತರ ಕೊಡುತ್ತೇವೆ.

ಸುಖಕ್ಕಾಗಿ ಓದುವವರ ಮನಸ್ಸನ್ನೇ ಅಭ್ಯಾಸದ ವಿಷಯ ಮಾಡಿಕೊಂಡ ಮನಶ್ಶಾಸ್ತ್ರಜ್ಞರೊಬ್ಬರಿದ್ದಾರೆ. ದಕ್ಷಿಣ ಆಫ್ರಿಕದ ವಿಕ್ಟರ್ ನೆಲ್ ಎಂಬವರು ೧೯೮೮ರಲ್ಲಿ ಇದರ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರು ಕಂಡುಕೊಂಡ ಸಂಗತಿಗಳಲ್ಲಿ ಎರಡು ನಮ್ಮ ಚರ್ಚೆಗೆ ಬೇಕಾದವು. ಒಂದು, ಓದುವವನು ತನಗೆ ತುಂಬ ಹಿಡಿಸಿದ ಪುಟಗಳನ್ನು ಬೇಗ ಬೇಗ ಓದಿ ಮುಗಿಸುವುದಿಲ್ಲ. ಅಲ್ಲಿ ಅವನ ವೇಗ ಕಡಿಮೆಯಾಗುತ್ತದೆ. ಎಲೆಯ ಮೇಲಿನ ಹೋಳಿಗೆಯನ್ನು ಮಕ್ಕಳು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ತಿನ್ನುವುದನ್ನು ನೋಡಿದವರಿಗೆ ಇದರಲ್ಲಿ ಸೋಜಿಗವಿಲ್ಲ. ಎರಡನೆಯದು ಇನ್ನೂ ಸ್ವಾರಸ್ಯವಾಗಿದೆ. ಬಹಳ ಓದುವವರನ್ನೇ ಆರಿಸಿ, ನೀವು ಸುಖಕ್ಕಾಗಿ ಓದುವುದರಲ್ಲಿ ಎಷ್ಟು ಪಾಲನ್ನು ನಿಮ್ಮ ಹಳೆಯ ಮೇಷ್ಟರು ಕಸವೆನ್ನಬಹುದು ಎಂದು ಕೇಳಿದಾಗ, ಅವರು ದೊಡ್ಡ ಪಾಲನ್ನೇ ತೋರಿಸಿದರಂತೆ. ಒಳ್ಳೆಯ ಪುಸ್ತಕದ ರುಚಿ ತಿಳಿದವರೇ ಹಗುರವಾದದ್ದನ್ನೂ ಹಸಿವಿನಿಂದ ಓದುತ್ತಾರೆಂದು ಇದರ ತಾತ್ಪರ್ಯ. ಸಭೆಯಲ್ಲಿ ಚಪ್ಪಾಳೆ ತಟ್ಟಿ ಆಮೇಲೆ ಪತ್ತೇದಾರಿ ಕೇಳಿದ ಸಭ್ಯರು ಆಫ್ರಿಕದಲ್ಲಿಯೂ ಇದ್ದಾರೆಂದು ಸಮಾಧಾನ ತಂದುಕೊಳ್ಳಬಹುದು.

ವಯಸ್ಸು ಕಳೆದಂತೆ ಕುತೂಹಲ ತಗ್ಗಿ ಬೇರೊಂದು ಸುಖ ಬರುತ್ತದೆ. ಓದಿದ್ದನ್ನೇ ಓದುವ ಸುಖ. ಇದನ್ನು ಯುವಕರಿಗೆ ತಿಳಿಯಪಡಿಸುವುದು ಕಷ್ಟ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ೧೯೪೩ರಲ್ಲಿ ಅಚ್ಚಾದಂದಿನಿಂದ ಅದನ್ನು ದಿನಕ್ಕೊಂದು ಪದ್ಯದಂತೆ ಓದುವವರಿದ್ದಾರೆ. ಪುಸ್ತಕ ಮುಗಿದರೆ ಮತ್ತೆ ಮೊದಲಿನಿಂದ. ಅವರಿಗೆ ಅದು ಸ್ನಾನ, ಕಾಫಿಯಂತೆ ದಿನಚರಿಯ ಒಂದು ಅಂಗ. ಪದ್ಯ ಬದಲಾಗಿರುವುದಿಲ್ಲ, ಓದುವವರಿಗೆ ಆ ವರ್ಷ ಒಂದು ಸಾವೋ ಒಂದು ಮದುವೆಯೋ ಒಂದು ಆಸ್ಪತ್ರೆಯೋ ಆಗಿರುತ್ತದೆ. ಅದರ ಹಿಂದಿನ ವರ್ಷವೇ, ೧೯೪೨ರಲ್ಲಿ, ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನು ಹೊಸದಾಗಿ ಮದುವೆಯಾದವರಿಗೆ ಉಡುಗೊರೆ ಕೊಡುವ ಪದ್ಧತಿ ಬೆಳೆದಿತ್ತು. ಮದುವೆಯ ಹೊಸತರಲ್ಲಿ ಇಬ್ಬರೂ ಕೂಡಿ ಓದಿದ್ದನ್ನು ಐವತ್ತು ವರ್ಷದ ಮೇಲೆ ಒಬ್ಬರೇ ಓದುವವರ ಸುಖ ಯಾವ ಜಾತಿಯದು? ಸುಖವೆನ್ನಬಹುದೋ ಬಾರದೋ. ಆದರೂ ಅವರು ಓದುತ್ತಾರೆ.

ಕೂಡಿ ಓದುವುದೆಂದಾಗ ಪುಣೆಯ ದಂಪತಿಗಳ ನೆನಪು ಬರುತ್ತದೆ. ಕಾರಂತರನ್ನೂ ಭೈರಪ್ಪನವರನ್ನೂ ಮರಾಠಿಗೆ ಕೊಂಡೊಯ್ದು ಮನೆಮಾತು ಮಾಡಿದ ಉಮಾ ಕುಲಕರ್ಣಿಯವರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಲಿಪಿಯನ್ನು ಓದುವ ಅಭ್ಯಾಸವಿರಲಿಲ್ಲ. ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದುವರು, ಅವರು ಕೇಳಿಕೊಂಡು ಮರಾಠಿಯಲ್ಲಿ ಬರೆಯುವರು. ಮನೆಯೊಳಗೆ ಒಬ್ಬರಿಗಾಗಿ ಇನ್ನೊಬ್ಬರು ಓದಿದ್ದರಿಂದ ಒಂದು ಭಾಷೆಯ ಸಾಹಿತ್ಯವೇ ಇನ್ನೊಂದು ಭಾಷೆಗೆ ಹರಿಯಿತು. ಜಗಲಿಯ ಮೇಲಿನ ಭಾರತ ವಾಚನವೇ ಬೇರೆ ವೇಷದಲ್ಲಿ ಬಂದಂತೆ ಇದು. ಕಣ್ಣು ಮಂದವಾದ ತಾಯಂದಿರಿಗೆ ಸಂಜೆ ಎರಡು ಪುಟ ಓದಿ ಹೇಳುವ ಮಕ್ಕಳು ನಮ್ಮ ವಾಚಕರಲ್ಲಿಯೂ ಇದ್ದಾರೆ. ಅವರನ್ನು ಕೇಳಿದರೆ, ತಾವು ಪುಸ್ತಕ ಓದುವವರೇ ಅಲ್ಲ, ಅಮ್ಮನಿಗಾಗಿ ಮಾತ್ರ ಎನ್ನುತ್ತಾರೆ. ಆದರೆ ತಾಯಿ ನಿದ್ದೆ ಹೋದ ಮೇಲೂ ಮುಂದಿನ ಎರಡು ಪುಟಗಳನ್ನು ಓದಿಕೊಂಡದ್ದನ್ನು ಒಬ್ಬರು ಒಪ್ಪಿಕೊಂಡಿದ್ದಾರೆ.

ಇಷ್ಟೆಲ್ಲ ಹೇಳಿದ್ದು ಮುಖ್ಯವಾಗಿ ನಮ್ಮ ಮಕ್ಕಳ ವಿಷಯಕ್ಕೆ ಬರುವುದಕ್ಕಾಗಿ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಕನ್ನಡ ಹಾಡು ಗುನುಗುತ್ತಾರೆ, ರಾಜ್ಯೋತ್ಸವದ ನಾಟಕದಲ್ಲಿ ಪಾತ್ರವನ್ನೂ ವಹಿಸುತ್ತಾರೆ. ಮಾತುಗಳನ್ನು ಮಾತ್ರ ಇಂಗ್ಲಿಷ್ ಅಥವಾ ದೇವನಾಗರಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಇದಕ್ಕೆ ಮಕ್ಕಳನ್ನು ದೂರುವವರು ಬಹಳ. ಓದುವ ಕ್ರಿಯೆ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿಚಾರಿಸಿದರೆ ದೂರು ಕಡಿಮೆಯಾಗುತ್ತದೆ. ಓದಿನ ಸುಖ ಬರುವುದು ಕಣ್ಣಿಗೆ ಅಕ್ಷರ ಕಾಣುವುದು ನಿಂತುಹೋದ ಮೇಲೆ. ರೂಢಿಯಿರುವವನಿಗೆ ‘ಮಳೆ’ ಎಂದು ಬರೆದದ್ದು ಕಂಡರೆ ಮಳೆಯೇ ಕಾಣುತ್ತದೆ. ರೂಢಿಯಿಲ್ಲದವನಿಗೆ ಮೊದಲು ‘ಮ’, ಆಮೇಲೆ ‘ಳ’, ಅದಕ್ಕೆ ಏತ್ವ. ಮೂರನ್ನೂ ಕೂಡಿಸುವ ಹೊತ್ತಿಗೆ ಹಿಂದಿನ ಪದ ಮರೆತಿರುತ್ತದೆ. ನಲವತ್ತೊಂಬತ್ತು ಅಕ್ಷರಗಳು, ಪ್ರತಿ ವ್ಯಂಜನಕ್ಕೂ ಕಾಗುಣಿತ, ಅವುಗಳ ಕೆಳಗೆ ಒತ್ತು. ಕಲಿಯುವುದಕ್ಕೆ ಕೆಲವು ತಿಂಗಳು ಸಾಕು. ಕಲಿತದ್ದು ಕಣ್ಣಿಗೆ ಒಗ್ಗುವುದಕ್ಕೆ ಸಾವಿರಾರು ಪುಟ ಬೇಕು. ಆ ಸಾವಿರ ಪುಟಗಳನ್ನು ಮಾತೃಭಾಷೆಯ ಮೇಲಿನ ಕರ್ತವ್ಯಕ್ಕಾಗಿ ಯಾವ ಮಗುವೂ ಓದುವುದಿಲ್ಲ. ಅದಕ್ಕೆ ಅದರದೇ ಒಂದು ಕಾರಣ ಬೇಕು.

ಹಿಂದೆ ಆ ಕಾರಣವನ್ನು ‘ಚಂದಮಾಮ’ ಒದಗಿಸುತ್ತಿತ್ತು. ೧೯೪೯ರಲ್ಲಿ ಕನ್ನಡದಲ್ಲಿ ಆರಂಭವಾಗಿ ಹಲವು ತಲೆಮಾರುಗಳ ಮಕ್ಕಳನ್ನು ಓದಿಸಿದ ಆ ಪತ್ರಿಕೆ ಈಗ ನಿಂತುಹೋಗಿದೆ. ಬೇತಾಳನ ಪ್ರಶ್ನೆಗೆ ವಿಕ್ರಮ ಏನು ಉತ್ತರ ಕೊಟ್ಟನೆಂಬುದನ್ನು ತಿಳಿಯುವ ಆತುರದಲ್ಲಿ ಒತ್ತಕ್ಷರಗಳು ತಾವಾಗಿ ದಾಟಿಹೋಗುತ್ತಿದ್ದವು. ಅದರ ಜಾಗದಲ್ಲಿ ನಾವು ಏನಿಟ್ಟಿದ್ದೇವೆ? ಮಕ್ಕಳಿಗೆಂದು ದಾನವಾಗಿ ಬರುವ ಪುಸ್ತಕಗಳಲ್ಲಿ ಬಹುಪಾಲು ಮಹಾಪುರುಷರ ಜೀವನ ಚರಿತ್ರೆಗಳು. ಮಹಾಪುರುಷರ ಮೇಲೆ ನಮಗೆ ಗೌರವವಿದೆ. ಆದರೆ ಅವರ ಪುಸ್ತಕಗಳ ಅಂಚು ಇನ್ನೂ ಹೊಸತಾಗಿಯೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ೧೯೮೦ರ ‘ಕರ್ವಾಲೊ’ ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕಥೆ ಎಂದು ಹೇಳಿದರೆ ಹನ್ನೆರಡು ವರ್ಷದ ಹುಡುಗರು ಕೈ ಚಾಚುತ್ತಾರೆ. ಕೆನ್ನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿಯವರು ಕನ್ನಡಿಸಿದ ‘ಕಾಡಿನ ಕಥೆಗಳು’ ಕೂಡ ಹಾಗೆಯೇ. ನರಭಕ್ಷಕ ಹುಲಿ ಮುಂದಿನ ಪುಟದಲ್ಲಿರುವಾಗ ಪುಟ ತಿರುಗಿಸದೆ ವಿಧಿಯಿಲ್ಲ. ಅರ್ಧ ಪುಸ್ತಕವನ್ನು ಅಪ್ಪ ಓದಿ ಹೇಳಿ, ಉಳಿದರ್ಧಕ್ಕೆ ತನಗೆ ನಿದ್ದೆ ಬರುತ್ತದೆಂದು ಮಲಗಿಬಿಟ್ಟರೆ ಇನ್ನೂ ಒಳ್ಳೆಯದು. ಈ ಉಪಾಯವನ್ನು ಪರೀಕ್ಷಿಸಿದವರು ಕೆಲಸ ಮಾಡುತ್ತದೆಂದು ತಿಳಿಸಿದ್ದಾರೆ.

ಗ್ರಂಥಾಲಯ ಶಾಸ್ತ್ರದಲ್ಲಿ ಜಗತ್ತಿಗೇ ಗುರುವಾದ ಎಸ್.ಆರ್. ರಂಗನಾಥನ್ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗುವ ಮೊದಲು ಗಣಿತದ ಅಧ್ಯಾಪಕರು. ೧೯೩೧ರಲ್ಲಿ ಅವರು ಐದು ಸೂತ್ರಗಳನ್ನು ಬರೆದರು. ಪುಸ್ತಕವಿರುವುದು ಬಳಸುವುದಕ್ಕೆ ಎಂಬಲ್ಲಿಂದ ಅವು ತೊಡಗುತ್ತವೆ. ಬಂದ ಪ್ರತಿಯೊಬ್ಬನಿಗೂ ಅವನಿಗೆ ಸಲ್ಲುವ ಪುಸ್ತಕ ದೊರೆಯಬೇಕು, ಕಪಾಟಿನಲ್ಲಿರುವ ಪ್ರತಿಯೊಂದಕ್ಕೂ ಅದನ್ನು ಓದುವವನು ದೊರೆಯಬೇಕು ಎಂಬ ಅರ್ಥದ ಮಾತು ಅವುಗಳಲ್ಲಿದೆ. ಇಂಥ ಓದುಗನಿಗೆ ಸಲ್ಲುತ್ತದೆ, ಇಂಥವನಿಗೆ ಸಲ್ಲದು ಎಂದು ಅವರು ಎಲ್ಲಿಯೂ ತಕ್ಕಡಿ ಹಿಡಿಯಲಿಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಆ ಹಿರಿಯರ ಮಾತನ್ನು ನಮ್ಮ ವಾರ್ಷಿಕ ಸಭೆಯ ಸೂಚನೆಗಿಂತ ಮೇಲಿನದೆಂದು ನಾವು ಎಣಿಸುತ್ತೇವೆ. ಸೂಚನೆ ಮಂಡಿಸಿದ ಹಿರಿಯರು ಕ್ಷಮಿಸಬೇಕು. ಉತ್ತಮ ಗ್ರಂಥಗಳನ್ನು ಕೊಳ್ಳುವುದನ್ನು ನಿಲ್ಲಿಸಬೇಕೆಂದು ನಮ್ಮ ವಾದವಲ್ಲ. ‘ಮಲೆಗಳಲ್ಲಿ ಮದುಮಗಳು’ ಇಲ್ಲದ ಕನ್ನಡ ಕಪಾಟು ಕಪಾಟೇ ಅಲ್ಲ. ಆದರೆ ಆ ದೊಡ್ಡ ಕಾದಂಬರಿಯವರೆಗೆ ಬರುವವನು ಚಿಕ್ಕ ಪುಸ್ತಕಗಳ ಮೆಟ್ಟಿಲನ್ನು ಹತ್ತಿ ಬರಬೇಕಾಗುತ್ತದೆ. ಕೆಲವರು ಮೆಟ್ಟಿಲಲ್ಲಿಯೇ ಕೂತು ಸುಖವಾಗಿರುತ್ತಾರೆ. ಅವರನ್ನು ಎಬ್ಬಿಸುವ ಅಧಿಕಾರ ವಾಚನಾಲಯಕ್ಕಿಲ್ಲ.

ಬರುವ ತಿಂಗಳಿಂದ ಮಕ್ಕಳ ಕಪಾಟನ್ನು ಒಳಗಿನ ಕೋಣೆಯಿಂದ ಬಾಗಿಲ ಬಳಿಗೆ ತರಲಾಗುವುದು. ಅದರ ಕೀಲಿ ಕೇಳಿ ಪಡೆಯಬೇಕಾಗಿಲ್ಲ. ದೊಡ್ಡ ಅಕ್ಷರದಲ್ಲಿ ಅಚ್ಚಾದ ಪುಸ್ತಕಗಳೂ ಸಾಹಸದ ಕಥೆಗಳೂ ಯಾರ ಮನೆಯಲ್ಲಾದರೂ ಇದ್ದರೆ ಕಳುಹಿಸಿಕೊಡಬಹುದು. ಶನಿವಾರ ಸಂಜೆ ಒಂದು ಗಂಟೆ ಕಾಲ ಗಟ್ಟಿಯಾಗಿ ಓದಿ ಹೇಳಲು ಒಪ್ಪುವವರು, ಯಾವ ಊರಿನ ಕನ್ನಡವಾದರೂ ಸರಿಯೆ, ಮೇಜಿನ ಬಳಿಯಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕಾಗಿ ವಿನಂತಿ. ಹಾಗೆಯೇ, ಎರಡನೆಯ ಕಪಾಟಿನ ಪತ್ತೇದಾರಿ ಕಾದಂಬರಿಯೊಂದರ ಕೊನೆಯ ನಾಲ್ಕು ಪುಟಗಳು ಕಾಣೆಯಾಗಿವೆ. ಕೊಲೆಗಾರ ಯಾರೆಂದು ತಿಳಿಯದೆ ಈಗಾಗಲೇ ಮೂವರು ವಾಚಕರು ಪುಸ್ತಕವನ್ನು ಹಿಂದಿರುಗಿಸಿದ್ದಾರೆ. ಪುಟಗಳು ಯಾರ ಬಳಿಯಲ್ಲಾದರೂ ಇದ್ದರೆ ದಯವಿಟ್ಟು ತಂದುಕೊಡಿರಿ, ಹೆಸರು ಕೇಳುವುದಿಲ್ಲ.